ಹೊಳೆಗಲ್ಲಿನಡಿಯ ಕಡಲು

ಏಪ್ರಿಲ್ ಬಂತೆಂದರೆ ಕುಮಾರಪಟ್ಟಣದ ಹತ್ತಿರ ತುಂಗಭದ್ರೆಯ ಎಲುಬು ಕಾಣತೊಡಗುತ್ತವೆ. ಮಳೆಗಾಲದಲ್ಲಿ ಕೆಂಪಗೆ ಉಕ್ಕಿ ಓಡಿದ ಹೊಳೆ ಆಗ ಅಲ್ಲೊಂದು ಮಡು, ಇಲ್ಲೊಂದು ಸಣ್ಣ ಹರಿವು ಎಂಬಷ್ಟಕ್ಕೆ ಇಳಿದಿರುತ್ತದೆ. ಆಚೆ ದಡದಲ್ಲಿ ಹರಿಹರ, ಈಚೆ ದಡದಲ್ಲಿ ಕಾರ್ಖಾನೆಯ ಚಿಮಣಿ, ನಡುವೆ ಹಾವಸೆ ಹಿಡಿದ ಕಲ್ಲುಗಳು. ಅಂಥದೊಂದು ಬೇಸಿಗೆಯ ಸಂಜೆ ನನ್ನ ಅಕ್ಕನ ಮಗಳು ನೀರಿನಲ್ಲಿ ಕಾಲು ಇಳಿಬಿಟ್ಟು ಕಲ್ಲಿನ ಮೇಲೆ ಕುಳಿತಿದ್ದಳು. ರಾಣೆಬೆನ್ನೂರಿನಲ್ಲಿ ಪಿಯುಸಿ ವಿಜ್ಞಾನ ಓದುವ ಹುಡುಗಿ. ಜೀವಶಾಸ್ತ್ರದ ಪುಸ್ತಕದಲ್ಲಿ ಒಬೀಲಿಯಾ, ಫೈಸೇಲಿಯಾ, ಅಡಾಮ್ಸಿಯಾ ಎಂದು ಸಾಲಾಗಿ ಬರುವ ಕಡಲಜೀವಿಗಳ ಹೆಸರು ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ.

“ಮಾಮಾ, ನಾನು ಇನ್ನೂ ಸಮುದ್ರಾನ ನೋಡಿಲ್ಲ. ಈ ಹೆಸರೆಲ್ಲ ಬಾಯಿಪಾಠ ಮಾಡಿ ನನಗೇನಾಗಬೇಕು?” ಎಂದಳು.

ಕೇಳಬೇಕಾದ ಪ್ರಶ್ನೆಯೇ. ಕುಮಾರಪಟ್ಟಣದಿಂದ ಕುಮಟಾದ ಕಡಲಿಗೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್, ಅದರ ನಡುವೆ ಸಹ್ಯಾದ್ರಿಯ ಘಟ್ಟ. ನಮ್ಮದು ಜೋಳ, ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿಯ ಸೀಮೆ. ಆದರೂ ಅವಳು ಬಾಯಿಪಾಠ ಮಾಡುತ್ತಿದ್ದ ಪ್ರಾಣಿಗಳ ಬಳಗ ಅವಳು ತಿಳಿದಷ್ಟು ದೂರದ್ದಲ್ಲ. ಅವಳ ಕಾಲು ತೋಯಿಸುತ್ತಿದ್ದ ಈ ನೀರು ಮುಂದೆ ಹೋಗಿ ಕೃಷ್ಣೆಯನ್ನು ಸೇರುತ್ತದೆ. ಆ ಕೃಷ್ಣೆಯ ಮೇಲ್ದಂಡೆಯ ಹಳ್ಳವೊಂದರಲ್ಲಿ ಜೆಲ್ಲಿಫಿಶ್ ಈಜಾಡಿದ್ದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ದಾಖಲಾಗಿದೆ. ಆ ಕಥೆಗೆ ಹೋಗುವ ಮೊದಲು ಈ ಪ್ರಾಣಿಯ ಬದುಕನ್ನು ಬುಡದಿಂದ ನೋಡಬೇಕು. ಅದರ ಬದುಕಿನ ಬಹುಪಾಲು ನಿಜವಾಗಿಯೂ ಬುಡದಲ್ಲೇ ನಡೆಯುತ್ತದೆ.

ಅಂಬಲಿ ಎಂಬ ಒಪ್ಪುವ ಹೆಸರು

ಜೆಲ್ಲಿಫಿಶ್‌ಗೆ ನಮ್ಮ ಶಾಲಾಪುಸ್ತಕಗಳು ಕೊಟ್ಟ ಹೆಸರು ಅಂಬಲಿ ಮೀನು. ಲೋಳೆ ಮೀನು ಎನ್ನುವವರೂ ಇದ್ದಾರೆ. ಇದು ಮೀನಲ್ಲ. ಇದಕ್ಕೆ ಎಲುಬಿಲ್ಲ, ಕಿವಿರಿಲ್ಲ, ರಕ್ತವಿಲ್ಲ, ಹೃದಯವಿಲ್ಲ, ಮಿದುಳೂ ಇಲ್ಲ. ಆದರೆ ಅಂಬಲಿ ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ. ಜೋಳದ ಅಂಬಲಿ ಕಾಸಿ ಆರಲು ಬಿಟ್ಟಾಗ ಮೇಲೆ ಗಟ್ಟಿಯೂ ಅಲ್ಲದ, ನೀರೂ ಅಲ್ಲದ ಒಂದು ಪದರ ಕಟ್ಟುತ್ತದಲ್ಲ, ಈ ಪ್ರಾಣಿಯ ಮೈ ಆ ಹದದ್ದು. ಅದರ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ಹೊರಗೊಂದು ಜೀವಕೋಶಗಳ ಪದರ, ಒಳಗೊಂದು ಪದರ, ಎರಡರ ನಡುವೆ ಲೋಳೆ. ಉಣ್ಣಲು ಇರುವ ಬಾಯಿಯೇ ಕಸ ಹೊರಹಾಕುವ ದಾರಿಯೂ ಹೌದು. ಮಿದುಳಿಲ್ಲದಿದ್ದರೂ ಮೈತುಂಬ ಬಲೆಯಂತೆ ನರಗಳು ಹರಡಿಕೊಂಡಿವೆ. ಕೊಡೆಯಂಥ ಮೈಯನ್ನು ಮುದುಡಿ ಬಿಚ್ಚಿ, ಮುದುಡಿ ಬಿಚ್ಚಿ ಅದು ನೀರನ್ನು ಹಿಂದಕ್ಕೆ ತಳ್ಳುತ್ತ ಸಾಗುತ್ತದೆ.

ಇಷ್ಟು ಮೆತ್ತನೆಯ ಜೀವ ಐವತ್ತು ಕೋಟಿ ವರ್ಷಗಳಿಗೂ ಹೆಚ್ಚು ಕಾಲದಿಂದ ಕಡಲಿನಲ್ಲಿ ಬಾಳಿಕೊಂಡು ಬಂದಿದೆ. ಡೈನೋಸಾರ್‌ಗಳು ಬಂದು ಹೋದವು, ಇದು ಉಳಿಯಿತು. ಉಳಿಯಲು ಅದಕ್ಕೆ ಎರಡು ಬಲಗಳಿವೆ. ಒಂದು ಅದರ ಕುಟುಕು, ಇನ್ನೊಂದು ಅದರ ಇಬ್ಬಗೆಯ ಬಾಳು.

ಮೊದಲು ಕುಟುಕು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ಕೈ ಉರಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಮೆಣಸಿನಕಾಯಿಯ ಖಾರ ಚರ್ಮಕ್ಕೆ ಸವರಿಕೊಂಡು, ಬಿಸಿಯನ್ನು ಅರಿಯುವ ನರಗಳನ್ನು ಕೆಣಕುತ್ತದೆ, ಅಲ್ಲಿ ಗಾಯವಿಲ್ಲ. ಅಂಬಲಿ ಮೀನಿನ ಉರಿ ಬೇರೆ ಬಗೆಯದು. ಅದರ ಎಳೆಗಳ ತುಂಬ ಕುಟುಕುಕಣಗಳಿವೆ. ಪ್ರತಿ ಕಣದೊಳಗೆ ಒಂದು ಸಣ್ಣ ಡಬ್ಬಿ, ಡಬ್ಬಿಯೊಳಗೆ ಸುರುಳಿ ಸುತ್ತಿದ ಟೊಳ್ಳು ದಾರ, ಜೊತೆಗೆ ವಿಷ. ಏನಾದರೂ ತಾಗಿದೊಡನೆ ಡಬ್ಬಿಯ ಮುಚ್ಚಳ ತೆರೆದು ದಾರ ಒಳಹೊರಗಾಗಿ ಚಿಮ್ಮುತ್ತದೆ. ಇದೇ ಬಳಗದ ಹೈಡ್ರಾದಲ್ಲಿ ಈ ಚಿಮ್ಮುವಿಕೆಯ ವೇಗವನ್ನು 2006ರಲ್ಲಿ ಅಳೆದರು. ಡಬ್ಬಿಯಿಂದ ಮೊನೆ ಹೊರಬೀಳಲು ತಗಲುವ ಹೊತ್ತು 700 ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಪ್ರಾಣಿಲೋಕದಲ್ಲಿ ನಾವು ಬಲ್ಲ ಅತಿ ವೇಗದ ಚಲನೆಗಳಲ್ಲಿ ಇದೊಂದು. ಹಾವಿನಿಂದ ತಪ್ಪಿಸಿಕೊಳ್ಳಲು ಇಲಿಗೆ ಒಂದು ಕ್ಷಣವಾದರೂ ಸಿಗುತ್ತದೆ. ಈ ದಾರದಿಂದ ತಪ್ಪಿಸಿಕೊಳ್ಳಲು ನೀರಿನ ಹುಳಕ್ಕೆ ಆ ಕ್ಷಣವೂ ಸಿಗದು.

ಈ ಡಬ್ಬಿಗಳು ಪ್ರಾಣಿ ಸತ್ತ ಮೇಲೂ ಕೆಲಸ ಮಾಡುತ್ತವೆ. ಗೋಕರ್ಣ, ಮುರ್ಡೇಶ್ವರಕ್ಕೆ ಪ್ರವಾಸ ಹೋದ ನಮ್ಮ ಮಕ್ಕಳು ಮರಳಿನ ಮೇಲೆ ಬಿದ್ದ ಲೋಳೆಯನ್ನು ಕಂಡು ಕೈಯಿಂದ ಎತ್ತಲು ಹೋಗುವುದುಂಟು. ಎತ್ತಬಾರದು. ಒಂದು ವೇಳೆ ಕುಟುಕಿದರೆ ಉಜ್ಜಬಾರದು, ಸಿಹಿನೀರು ಸುರಿಯಬಾರದು; ಎರಡರಿಂದಲೂ ಇನ್ನೂ ಸಿಡಿಯದ ಡಬ್ಬಿಗಳು ಸಿಡಿಯುತ್ತವೆ. ಕಡಲ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬುಟ್ಟಿಯ ರೊಟ್ಟಿಯಂತೆ

ಇನ್ನು ಅದರ ಬಾಳು. ನಾವು ಚಿತ್ರಗಳಲ್ಲಿ ನೋಡುವ ಕೊಡೆಯಂಥ ರೂಪಕ್ಕೆ ಮೆಡ್ಯುಸಾ ಎಂದು ಹೆಸರು. ಪ್ರಪಂಚದ ಅನೇಕ ಕಡಲುಗಳಲ್ಲಿ ಕಾಣುವ ಚಂದ್ರ ಅಂಬಲಿ ಮೀನನ್ನೇ ತೆಗೆದುಕೊಳ್ಳೋಣ. ಶಾಸ್ತ್ರದಲ್ಲಿ ಇದು ಔರೀಲಿಯಾ. ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡು ನೀರಿಗೆ ಬಿಟ್ಟ ವೀರ್ಯ ಹೆಣ್ಣನ್ನು ಸೇರಿ, ಮೊಟ್ಟೆಗಳು ಫಲಿತಗೊಂಡು, ತಾಯಿಯ ಬಾಯಿತೋಳುಗಳ ಮಡಿಕೆಯಲ್ಲಿ ಕೆಲಕಾಲ ಬೆಳೆಯುತ್ತವೆ. ಅಲ್ಲಿಂದ ಹೊರಬರುವ ಮರಿಗೆ ಕೊಡೆಯೂ ಇಲ್ಲ, ಎಳೆಗಳೂ ಇಲ್ಲ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಕಿಕಾಳಿನಂಥ ಜೀವ, ಹೆಸರು ಪ್ಲಾನ್ಯುಲಾ. ಮೈಮೇಲಿನ ನವಿರಾದ ರೋಮಗಳನ್ನು ಆಡಿಸುತ್ತ ಕೆಲವು ದಿನ ಈಜಿ, ಕಲ್ಲು, ಚಿಪ್ಪು, ಮರದ ದಿಮ್ಮಿ, ಹೀಗೆ ಏನಾದರೂ ಗಟ್ಟಿಯಾದುದು ಸಿಕ್ಕೊಡನೆ ಅದಕ್ಕೆ ಅಂಟಿಕೊಳ್ಳುತ್ತದೆ. ಹೆಚ್ಚಾಗಿ ಅದು ಆರಿಸುವುದು ಆ ವಸ್ತುವಿನ ಕೆಳಮೈಯನ್ನು. ಮಣ್ಣು ಕೂತು ಮುಚ್ಚಿಹೋಗದ, ಬಿಸಿಲು ಬೀಳದ ತಾವು ಅದು.

ಅಂಟಿಕೊಂಡ ಮೇಲೆ ಪ್ಲಾನ್ಯುಲಾದ ತುದಿಯಲ್ಲಿ ಬಾಯಿ ತೆರೆಯುತ್ತದೆ, ಬಾಯಿಯ ಸುತ್ತ ಎಳೆಗಳು ಮೂಡುತ್ತವೆ. ಈಗ ಅದು ಪಾಲಿಪ್. ಕೆಲವೇ ಮಿಲಿಮೀಟರ್ ಎತ್ತರದ, ಹೂವಿನಂಥ, ನಿಂತಲ್ಲೇ ನಿಂತು ಉಣ್ಣುವ ಜೀವ. ಪಾಲಿಪ್ ತನ್ನ ಮಗ್ಗುಲಿಂದ ಮೊಗ್ಗು ಒಡೆದು ಇನ್ನೊಂದು ಪಾಲಿಪ್ ಮಾಡುತ್ತದೆ. ಅದಕ್ಕೆ ಗಂಡು ಬೇಡ, ಹೆಣ್ಣು ಬೇಡ. ಕೆಟ್ಟ ಕಾಲ ಬಂದರೆ ಗಟ್ಟಿ ಕವಚದ ಗಂಟೊಂದನ್ನು ಬುಡದಲ್ಲಿ ಬಿಟ್ಟು ಕಾಯುತ್ತದೆ. ಹೀಗೆ ವರ್ಷಗಟ್ಟಲೆ ಇರಬಲ್ಲದು.

ನೀರಿನ ಬಿಸಿ, ಆಹಾರ, ಋತು ಎಲ್ಲವೂ ಕೂಡಿಬಂದಾಗ ಈ ಪಾಲಿಪ್‌ನ ಮೈಯಲ್ಲಿ ಅಡ್ಡಡ್ಡ ಸೀಳುಗಳು ಬೀಳುತ್ತವೆ. ಬುಟ್ಟಿಯೊಳಗೆ ಒಂದರ ಮೇಲೊಂದು ಕೂಡಿಸಿದ ಖಡಕ್ ರೊಟ್ಟಿಗಳನ್ನು ನೆನೆಸಿಕೊಳ್ಳಿ. ಹಾಗೆಯೇ ಮೈ ಬಿಲ್ಲೆಬಿಲ್ಲೆಯಾಗುತ್ತದೆ. ಎಲ್ಲಕ್ಕೂ ಮೇಲಿನ ಬಿಲ್ಲೆ ಮೊದಲು ಮಿಡಿಯತೊಡಗಿ, ಕಿತ್ತುಕೊಂಡು ಈಜಿಹೋಗುತ್ತದೆ. ಅದರ ಹಿಂದೆ ಮುಂದಿನದು, ಅದರ ಹಿಂದೆ ಇನ್ನೊಂದು. ಎಂಟು ತೋಳುಗಳ ನಕ್ಷತ್ರದಂಥ ಈ ಮರಿಯ ಹೆಸರು ಎಫಿರಾ. ಇದೇ ಉಂಡು ಬೆಳೆದು ಕೊಡೆಯಾಗುತ್ತದೆ, ಮೆಡ್ಯುಸಾ ಆಗುತ್ತದೆ. ಬುಡದಲ್ಲಿ ಉಳಿದ ತುಂಡು ಮತ್ತೆ ಎಳೆಗಳನ್ನು ಚಿಗುರಿಸಿಕೊಂಡು ಪಾಲಿಪ್ ಆಗಿ ಮುಂದಿನ ಕಾಲಕ್ಕೆ ಕಾಯುತ್ತದೆ.

ಸರಿಯಾದ ಕಾಲ ಇದೇ ಎಂದು ಪಾಲಿಪ್‌ಗೆ ಹೇಗೆ ತಿಳಿಯುತ್ತದೆ? 2014ರಲ್ಲಿ ಜರ್ಮನಿಯ ಸಂಶೋಧಕರು ಔರೀಲಿಯಾದ ಪಾಲಿಪ್‌ಗಳಲ್ಲಿ ಇದಕ್ಕೊಂದು ಉತ್ತರ ಕಂಡರು. ನೀರು ತಣ್ಣಗಿರುವ ದಿನಗಳು ಒಂದೊಂದಾಗಿ ಕಳೆದಂತೆ ಪಾಲಿಪ್‌ನೊಳಗೆ ಒಂದು ಬಗೆಯ ಸಂದೇಶದ ಪ್ರಮಾಣ ಏರುತ್ತ ಹೋಗುತ್ತದೆ. ಅದು ಒಂದು ಮಟ್ಟ ಮುಟ್ಟಿದಾಗ ಬಿಲ್ಲೆಯಾಗುವ ಕೆಲಸ ಶುರು. ಒಂದೆರಡು ದಿನ ಚಳಿ ಬಿದ್ದು ಹೋದರೆ ಅದು ಮೋಸಹೋಗುವುದಿಲ್ಲ. ಚಳಿಗಾಲ ಪೂರ್ತಿ ಕಳೆಯಬೇಕು. ಒಂದು ಅಡ್ಡಮಳೆಗೆ ಹಿಗ್ಗಿ ಕೂರಿಗೆ ಹೂಡದೆ, ಮುಂಗಾರು ನೆಲೆ ನಿಂತ ಮೇಲೆಯೇ ಬಿತ್ತುವ ನಮ್ಮ ಹಿರಿಯ ರೈತನ ತಾಳ್ಮೆ ಆ ಮಿಲಿಮೀಟರ್ ಉದ್ದದ ಜೀವದೊಳಗಿದೆ.

ಕುಮಾರಪಟ್ಟಣದಂಥ ಕಾರ್ಖಾನೆ ಊರಿನಲ್ಲಿ ಪಾಳಿ ಎಂಬ ಮಾತು ಎಲ್ಲರಿಗೂ ಗೊತ್ತು. ಒಂದು ಪಾಳಿಯವರು ಹೊರಬರುವಾಗ ಮುಂದಿನ ಪಾಳಿಯವರು ಒಳಹೋಗುತ್ತಾರೆ, ಕಾರ್ಖಾನೆ ನಿಲ್ಲುವುದಿಲ್ಲ. ಪಠ್ಯಪುಸ್ತಕ ಮೆಟಾಜೆನೆಸಿಸ್ ಎನ್ನುವುದು ಇಂಥದೇ ಪಾಳಿಯನ್ನು. ಮೊಟ್ಟೆ, ವೀರ್ಯ ಮಾಡಿ ದೂರದೂರಕ್ಕೆ ಹರಡುವುದು ಈಜುವ ಮೆಡ್ಯುಸಾದ ಪಾಳಿ. ಒಂದನ್ನು ಹತ್ತು ಮಾಡಿ ಕಾದು ಕೂರುವುದು ಅಂಟಿಕೊಂಡ ಪಾಲಿಪ್‌ನ ಪಾಳಿ. ಮೆಡ್ಯುಸಾದ ಆಯುಷ್ಯ ಸಾಮಾನ್ಯವಾಗಿ ಕೆಲವು ತಿಂಗಳು. ಆ ಜೀವಕ್ಕೆ ಬಾಳಿಕೆ ಇರುವುದು ಕಲ್ಲಿನಡಿಯ ಪಾಲಿಪ್‌ನಲ್ಲಿ.

ಒಂದು ಜೀವಕ್ಕೆ ಮೂರು ಹೆಸರು

ಈ ಪಾಳಿ ಮನುಷ್ಯನಿಗೆ ಬೇಗ ತಿಳಿಯಲಿಲ್ಲ. ನಾರ್ವೆಯ ಕಡಲತೀರದಲ್ಲಿ ಮೈಕೆಲ್ ಸಾರ್ಸ್ ಎಂಬ ಪಾದ್ರಿ ಇದ್ದರು. ಚರ್ಚಿನ ಕೆಲಸದ ಜೊತೆಗೆ ಕಡಲಜೀವಿಗಳನ್ನು ಹುಡುಕುವುದು ಅವರ ಒಲವು. 1829ರಲ್ಲಿ ಅವರು ಎರಡು ಹೊಸ ಪ್ರಾಣಿಗಳನ್ನು ಕಂಡೆನೆಂದು ಹೆಸರಿಟ್ಟರು: ಎಳೆಗಳಿರುವ ಸಣ್ಣದೊಂದು ಸೈಫಿಸ್ಟೋಮಾ, ಬಿಲ್ಲೆಗಳ ಪೇರಿಯಂಥದು ಸ್ಟ್ರೋಬೈಲಾ. ಬಿಡದೆ ನೋಡುತ್ತ ಹೋದಾಗ ಮೊದಲನೆಯದೇ ಎರಡನೆಯದಾಗುವುದು, ಎರಡನೆಯದರಿಂದ ಅಂಬಲಿ ಮೀನಿನ ಮರಿ ಹೊರಡುವುದು ಅವರ ಕಣ್ಣಿಗೇ ಬಿತ್ತು. ಮೂರು ಹೆಸರಿನ ಮೂರು ಪ್ರಾಣಿಗಳು ಒಂದೇ ಜೀವದ ಮೂರು ಅವಸ್ಥೆಗಳಾಗಿದ್ದವು. 1840ರ ದಶಕದ ಆರಂಭಕ್ಕೆ ಸಾರ್ಸ್ ಇದನ್ನು ಖಚಿತಪಡಿಸಿದರು. 1842ರಲ್ಲಿ ಡೆನ್ಮಾರ್ಕಿನ ಸ್ಟೀನ್‌ಸ್ಟ್ರುಪ್ ಇಂಥ ತಲೆಮಾರುಗಳ ಪಾಳಿಯ ಬಗ್ಗೆ ಪುಸ್ತಕವನ್ನೇ ಬರೆದರು.

ಹೊಳೆಯ ದಂಡೆಯವರಿಗೆ ಇದು ಅರ್ಥವಾಗದ ಮಾತಲ್ಲ. ಗಂಗಾಮೂಲದಲ್ಲಿ ಹುಟ್ಟಿದ ಎರಡು ನೀರಿಗೆ ತುಂಗೆ, ಭದ್ರೆ ಎಂದು ಹೆಸರು. ಕೂಡಲಿಯಲ್ಲಿ ಕೂಡಿದ ಮೇಲೆ ತುಂಗಭದ್ರೆ. ಹರಿಹರ, ಕುಮಾರಪಟ್ಟಣ, ಐರಣಿ, ಚೌಡಯ್ಯದಾನಪುರ ದಾಟಿ, ಗಳಗನಾಥದಲ್ಲಿ ವರದೆಯನ್ನು ಕೂಡಿಸಿಕೊಂಡು, ಹೊಸಪೇಟೆಯ ಅಣೆಕಟ್ಟು ಇಳಿದು, ಸಂಗಮೇಶ್ವರದಲ್ಲಿ ಅದೇ ನೀರಿಗೆ ಕೃಷ್ಣೆ ಎಂಬ ಹೆಸರು. ಒಂದೊಂದು ಊರಿನವರು ತಾವು ಕಂಡ ತುಂಡಿಗೆ ಹೆಸರಿಡುತ್ತಾರೆ. ಪೂರ್ತಿ ಹೊಳೆಯನ್ನು ಕಾಣಬೇಕಾದರೆ ದಂಡೆಗುಂಟ ನಡೆಯಬೇಕು. ಸಾರ್ಸ್ ಮಾಡಿದ್ದು ಅದನ್ನೇ.

ಒಂದೇ ಬಳಗ, ಹಲವು ನಡೆ

ಕುಟುಕುಕಣಗಳಿರುವ ಈ ಬಳಗದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಎಲ್ಲವೂ ಎರಡೂ ಪಾಳಿ ನಡೆಸುವುದಿಲ್ಲ. ಅಕ್ಕನ ಮಗಳನ್ನು ಕಾಡುತ್ತಿದ್ದ ಒಬೀಲಿಯಾ ಕಡಲ ಪಾಚಿಯ ಮೇಲೆ ಬೆಳೆಯುವ ಸಣ್ಣ ಗಿಡದಂಥ ಸಮೂಹ. ಅದರ ಕೆಲವು ಪಾಲಿಪ್‌ಗಳು ಉಣ್ಣುವುದನ್ನು ಮಾತ್ರ ನೋಡಿಕೊಳ್ಳುತ್ತವೆ, ಕೆಲವು ಮೆಡ್ಯುಸಾಗಳನ್ನು ಹೆತ್ತು ಬಿಡುತ್ತವೆ. ಫೈಸೇಲಿಯಾ ಇನ್ನೂ ಮುಂದಕ್ಕೆ ಹೋಗಿದೆ. ಮುಂಗಾರಿನಲ್ಲಿ ಮುಂಬಯಿಯ ಕಡಲತೀರಕ್ಕೆ ತೇಲಿಬರುವ ಆ ನೀಲಿ ಗುಳ್ಳೆ ನೋಡಲು ಒಂದೇ ಪ್ರಾಣಿ, ನಿಜಕ್ಕೆ ಅವಿಭಕ್ತ ಕುಟುಂಬ. ತೇಲಿಸುವವರು ಕೆಲವರು, ಬೇಟೆಯಾಡುವವರು ಕೆಲವರು, ಅರಗಿಸುವವರು ಕೆಲವರು, ಸಂತಾನದ ಹೊಣೆ ಹೊತ್ತವರು ಮತ್ತೆ ಕೆಲವರು. ಒಬ್ಬರನ್ನು ಬಿಟ್ಟು ಒಬ್ಬರು ಬದುಕಲಾರರು.

ಪೆಟ್ಟಿಗೆಯಾಕಾರದ ಬಾಕ್ಸ್ ಜೆಲ್ಲಿಗಳಲ್ಲಿ ಒಂದು ಪಾಲಿಪ್ ತಾನೇ ಪೂರ್ತಿ ಮಾರ್ಪಟ್ಟು ಒಂದು ಮೆಡ್ಯುಸಾ ಆಗುತ್ತದೆ. ಅಲ್ಲಿ ರೊಟ್ಟಿಯ ಪೇರಿ ಇಲ್ಲ. ರಾತ್ರಿ ಹೊಳೆಯುವ ಪೆಲಾಜಿಯಾ ಪಾಲಿಪ್‌ನ ಪಾಳಿಯನ್ನೇ ಬಿಟ್ಟುಬಿಟ್ಟಿದೆ; ನಟ್ಟನಡು ಕಡಲಿನಲ್ಲಿ ಅಂಟಿಕೊಳ್ಳಲು ಕಲ್ಲೆಲ್ಲಿ ಸಿಗಬೇಕು? ಹವಳ ಮತ್ತು ಕಡಲಹೂವುಗಳು ಇದರ ತಿರುವುಮುರುವು: ಅವು ಮೆಡ್ಯುಸಾವನ್ನು ಬಿಟ್ಟು ಪಾಲಿಪ್ ಆಗಿಯೇ ಉಳಿದವು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದವರು ಕಾಣುವ ಹವಳ ಇಂಥ ಸಾವಿರಾರು ಪಾಲಿಪ್‌ಗಳು ಕೂಡಿ ಕಟ್ಟಿದ ಸುಣ್ಣದ ಮನೆ.

ಈ ಬಳಗದ ಅತಿ ದೊಡ್ಡ ಅಚ್ಚರಿ ಉಗುರಿಗಿಂತ ಸಣ್ಣದು. ಟ್ಯುರಿಟಾಪ್ಸಿಸ್ ಡೋರ್ನಿ ಎಂಬ ಅಂಬಲಿ ಮೀನಿಗೆ ಗಾಯವಾದರೆ, ಹಸಿವಾದರೆ, ಮುಪ್ಪು ಬಂದರೆ, ಅದು ಮುದುಡಿ ಗುಂಡಗಾಗಿ, ನೆಲಕ್ಕೆ ಅಂಟಿ, ಮತ್ತೆ ಪಾಲಿಪ್ ಆಗಿಬಿಡುತ್ತದೆ. ತಟ್ಟಿ ಬೇಯಿಸಿದ ರೊಟ್ಟಿ ಮರಳಿ ಹಿಟ್ಟಾದಂತೆ. ಇಟಲಿಯಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು ಇದನ್ನು 1996ರಲ್ಲಿ ವಿವರವಾಗಿ ಪ್ರಕಟಿಸಿದಾಗ ಜಗತ್ತು ಇದಕ್ಕೆ ಸಾವಿಲ್ಲದ ಅಂಬಲಿ ಮೀನು ಎಂದು ಹೆಸರಿಟ್ಟಿತು. ಮೀನಿನ ಬಾಯಿಗೆ ಬಿದ್ದರೆ ಇದೂ ಸಾಯುತ್ತದೆ. ಆದರೆ ಮುಪ್ಪಿನಿಂದ ಎಳೆತನಕ್ಕೆ ಮರಳುವ ದಾರಿ ಮುಚ್ಚಿಯೇ ಹೋಗಿದೆ ಎಂಬ ನಮ್ಮ ನಂಬಿಕೆಯನ್ನು ಇದು ಅಲುಗಿಸಿತು.

ಕೃಷ್ಣೆಯ ಮೇಲ್ದಂಡೆಯಲ್ಲಿ

ಈಗ ನಮ್ಮ ಹೊಳೆಗೆ ಬರೋಣ. ಅಂಬಲಿ ಮೀನು ಎಂದರೆ ಉಪ್ಪುನೀರು ಎಂದೇ ನಂಬಿದ್ದ ಕಾಲದಲ್ಲಿ, 1880ರ ಬೇಸಿಗೆಯಲ್ಲಿ, ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಸಸ್ಯೋದ್ಯಾನದಲ್ಲಿ ಒಂದು ಸೋಜಿಗ ನಡೆಯಿತು. ದೈತ್ಯ ನೈದಿಲೆಯನ್ನು ಬೆಳೆಸಿದ್ದ ಬೆಚ್ಚನೆಯ ಸಿಹಿನೀರ ತೊಟ್ಟಿಯಲ್ಲಿ ನಾಣ್ಯದಗಲದ ಪಾರದರ್ಶಕ ಕೊಡೆಗಳು ಮಿಡಿಯುತ್ತಿದ್ದವು. ಅದನ್ನು ಮೊದಲು ಕಂಡ ಸೊವರ್ಬಿಯವರ ಹೆಸರಿನಲ್ಲಿ ಅದು ಕ್ರಾಸ್ಪೆಡಾಕುಸ್ಟಾ ಸೊವರ್ಬಿ ಆಯಿತು. 1885ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಬಳಿ ಹೊಳೆಗಲ್ಲುಗಳ ಮೇಲೆ ಎಳೆಗಳೂ ಇಲ್ಲದ ಪುಟ್ಟ ಪಾಲಿಪ್ ಸಿಕ್ಕಿತು. ಅದಕ್ಕೆ ಮೈಕ್ರೋಹೈಡ್ರಾ ಎಂದು ಬೇರೆಯೇ ಹೆಸರಿಟ್ಟರು. ಎರಡೂ ಒಂದೇ ಜೀವ ಎಂದು ಒಪ್ಪಲು ಮತ್ತೆ ದಶಕಗಳು ಬೇಕಾದವು. ಚೀನಾದ ಯಾಂಗ್‌ಟ್ಸೆ ನದಿಯ ಈ ಜೀವಿ ಇಂದು ಅಂಟಾರ್ಕ್ಟಿಕವೊಂದನ್ನು ಬಿಟ್ಟು ಎಲ್ಲ ಖಂಡಗಳಲ್ಲೂ ಇದೆ. ಈಜಿ ಹೋಗಿದ್ದಲ್ಲ, ಒಣಗಿದರೂ ಸಾಯದ ಅದರ ಗಂಟುಗಳು ನೀರಗಿಡ, ಮೀನು, ಹಕ್ಕಿಗಳ ಜೊತೆ ಸಾಗಿದವು.

ಲಂಡನ್ನಿನ ಆ ಸೋಜಿಗ ನಡೆದು ಸುಮಾರು ಮೂವತ್ತು ವರ್ಷಕ್ಕೆ ನಮ್ಮ ಸಹ್ಯಾದ್ರಿಯ ಸರದಿ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಶಂಕರ ಪುರುಷೋತ್ತಮ ಅಘಾರ್ಕರ್ ಎಂಬ ಮಾಲವಣದ ತರುಣ, ಗಿಡ ಪ್ರಾಣಿಗಳನ್ನು ಸಂಗ್ರಹಿಸುತ್ತ ಘಟ್ಟ ಅಲೆಯುತ್ತಿದ್ದರು. ಸಾತಾರಾ ಜಿಲ್ಲೆಯ ಮೇಢಾ ಬಳಿಯ ಯೆನ್ನಾ ಹೊಳೆಯಲ್ಲಿ ಅವರಿಗೆ ಅಂಬಲಿ ಮೀನು ಸಿಕ್ಕಿತು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿದ್ದ ನೆಲ್ಸನ್ ಆನಂಡೇಲ್ 1911ರಲ್ಲಿ ಅದನ್ನು ಲಿಮ್ನೊಕ್ನಿಡಾ ಇಂಡಿಕಾ ಎಂದು ಹೆಸರಿಸಿದರು. ಅಲ್ಲಿಯವರೆಗೆ ಲಿಮ್ನೊಕ್ನಿಡಾ ಬಳಗ ಆಫ್ರಿಕದ್ದೆಂದೇ ಎಲ್ಲರೂ ತಿಳಿದಿದ್ದರು; ಅದರ ಮೊದಲ ಪರಿಚಯ ಟ್ಯಾಂಗನ್ಯೀಕಾ ಸರೋವರದ್ದು. ಅದು ಸಹ್ಯಾದ್ರಿಯ ಹಳ್ಳದಲ್ಲಿ ಹೇಗೆ ಬಂತು ಎಂಬ ಪ್ರಶ್ನೆ ಅಂದಿನ ವಿಜ್ಞಾನಿಗಳನ್ನು ಬೆರಗುಗೊಳಿಸಿತು.

ಯೆನ್ನಾ ಸಾತಾರಾದ ಬಳಿ ಕೃಷ್ಣೆಯನ್ನು ಸೇರುತ್ತದೆ. ಅಂದರೆ ತುಂಗಭದ್ರೆ ಯಾವ ದೊಡ್ಡ ಹೊಳೆಯ ಮಗಳೋ, ಯೆನ್ನಾ ಕೂಡ ಅದೇ ಹೊಳೆಯ ಮಗಳು. ಆ ಜೀವಿ ಕಾಣಿಸಿಕೊಳ್ಳುವ ಕಾಲವೂ ಗಮನಿಸಬೇಕಾದ್ದು. ಬೇಸಿಗೆಯಲ್ಲಿ ಹೊಳೆ ಬತ್ತಿ, ಮಡುಗಳ ನೀರು ನಿಂತು ಬೆಚ್ಚಗಾದಾಗ ಕೊಡೆಗಳು ಮೇಲೇಳುತ್ತವೆ. ಮುಂಗಾರಿನ ಮೊದಲ ಪ್ರವಾಹಕ್ಕೆ ಎಲ್ಲ ಕೊಚ್ಚಿಹೋಗುತ್ತವೆ. ಮರುವರ್ಷ ಅದೇ ಹೊತ್ತಿಗೆ ಮತ್ತೆ ಬರುತ್ತವೆ. ಕೊಚ್ಚಿಹೋದದ್ದು ಒಂದು ಪಾಳಿ ಮಾತ್ರ. ಇನ್ನೊಂದು ಪಾಳಿ ಪ್ರವಾಹದ ಅಡಿಯಲ್ಲಿ, ಹೊಳೆಯ ತಳದಲ್ಲಿ, ಸದ್ದಿಲ್ಲದೆ ಮಳೆಗಾಲ ಕಳೆಯುತ್ತಿರುತ್ತದೆ. ನಾವು ಬತ್ತಿದ ಹೊಳೆ ಎಂದು ಮರುಗುವ ಏಪ್ರಿಲ್ ಅದಕ್ಕೆ ಸುಗ್ಗಿ.

ಕೆರೆಯಲ್ಲಿರುವ ತಂಗಿ

“ಹಂಗಾದ್ರ ಇಲ್ಲಿ ಏನೂ ಇಲ್ಲೇನು?” ಎಂದು ಅಕ್ಕನ ಮಗಳು ಕೇಳಿದಳು.

ಇಲ್ಲಿ ಹೈಡ್ರಾ ಇದೆ. ಇದು ಒಬೀಲಿಯಾದ ಸಿಹಿನೀರ ತಂಗಿ. ಅರ್ಧದಿಂದ ಒಂದು ಸೆಂಟಿಮೀಟರ್ ಉದ್ದದ ದಾರದಂಥ ಮೈ, ತುದಿಯಲ್ಲಿ ಐದಾರು ಎಳೆ. ಶುದ್ಧ ನೀರಿರುವ ಕೆರೆಕುಂಟೆಗಳಲ್ಲಿ ಜೊಂಡಿಗೆ, ನೀರಗಿಡದ ಎಲೆಯ ಕೆಳಮೈಗೆ ಜೋತುಬಿದ್ದಿರುತ್ತದೆ. ಇದಕ್ಕೆ ಮೆಡ್ಯುಸಾದ ಪಾಳಿಯೇ ಇಲ್ಲ. ಮಗ್ಗುಲಲ್ಲಿ ಮೊಗ್ಗೊಡೆದು ಮರಿ ಮಾಡುತ್ತದೆ. ಕಷ್ಟಕಾಲದಲ್ಲಿ ಗಟ್ಟಿ ಕವಚದ ಮೊಟ್ಟೆಯಿಟ್ಟು ಮುಂದಿನ ಒಳ್ಳೆಯ ಕಾಲಕ್ಕೆ ಬಿಡುತ್ತದೆ. 1740ರ ಸುಮಾರಿಗೆ ಅಬ್ರಹಾಂ ಟ್ರೆಂಬ್ಲಿ ಎಂಬ ಮನೆಪಾಠದ ಮೇಷ್ಟ್ರು ಹೇಗ್ ನಗರದ ಬಳಿ ತಮ್ಮ ಇಬ್ಬರು ಶಿಷ್ಯರೊಡನೆ ಹಳ್ಳದ ನೀರು ತಂದು ಗಾಜಿನ ಪಾತ್ರೆಯಲ್ಲಿ ನೋಡುತ್ತಿದ್ದರು. ಇದು ಗಿಡವೋ ಪ್ರಾಣಿಯೋ ತಿಳಿಯದೆ ಅದನ್ನು ಎರಡು ತುಂಡು ಮಾಡಿದರು. ಎರಡೂ ತುಂಡುಗಳು ಪೂರ್ತಿ ಪ್ರಾಣಿಗಳಾದವು. ನೆಲಕ್ಕೆ ಬಿದ್ದ ಹನಿಹನಿಯಿಂದ ಮತ್ತೆ ಎದ್ದುಬರುವ ರಕ್ತಬೀಜನ ಕಥೆ ಕೇಳಿ ಬೆಳೆದ ನಮಗೆ ಆ ಮೇಷ್ಟ್ರ ಬೆರಗು ಚೆನ್ನಾಗಿ ತಿಳಿಯುತ್ತದೆ.

ಅಘಾರ್ಕರ್ ಮುಂದೆ ಸಸ್ಯವಿಜ್ಞಾನಿಯಾಗಿ ಹೆಸರಾದರು, 1946ರಲ್ಲಿ ಪುಣೆಯಲ್ಲಿ ವಿಜ್ಞಾನ ಸಂಸ್ಥೆಯೊಂದನ್ನು ಕಟ್ಟಿದರು. ಇಂದು ಅವರ ಹೆಸರನ್ನೇ ಹೊತ್ತ ಅದೇ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಹೈಡ್ರಾ ಹೇಗೆ ಮರಳಿ ಬೆಳೆಯುತ್ತದೆ ಎಂಬ ಅಧ್ಯಯನ ನಡೆದುಕೊಂಡು ಬಂದಿದೆ. ಹಳ್ಳದ ಅಂಬಲಿ ಮೀನನ್ನು ಕಂಡವರ ಮನೆಯಲ್ಲಿ ಅದರ ಸೋದರಿಯ ಪಾಲನೆ.

ಹೈಡ್ರಾ ನೋಡಲು ಪ್ರಯೋಗಶಾಲೆ ಬೇಡ. ಕೆರೆಯ ನೀರಗಿಡವನ್ನು ಒಂದು ಹಿಡಿ, ಅದೇ ಕೆರೆಯ ನೀರಿನ ಜೊತೆ ಗಾಜಿನ ಬಾಟಲಿಯಲ್ಲಿ ತಂದು, ನೇರ ಬಿಸಿಲು ಬೀಳದ ಕಿಟಕಿಯಲ್ಲಿ ಒಂದೆರಡು ದಿನ ಅಲುಗಿಸದೆ ಇಡಬೇಕು. ಇದ್ದರೆ, ಗಾಜಿನ ಒಳಮೈಗೆ ಅಂಟಿ ಎಳೆ ಬಿಚ್ಚಿದ ದಾರಗಳು ಕಾಣುತ್ತವೆ. ಒಂದು ಸಾಧಾರಣ ಭೂತಗನ್ನಡಿ ಸಾಕು. ಪ್ರತಿ ಪಿಯು ಕಾಲೇಜಿನ ಕಿಟಕಿಯಲ್ಲೂ ಇಂಥದೊಂದು ಬಾಟಲಿ ಇರಬೇಕೆಂಬುದು ನನ್ನ ಆಸೆ. ಕಣ್ಣಾರೆ ಕಂಡದ್ದನ್ನು ಯಾರೂ ಬಾಯಿಪಾಠ ಮಾಡಬೇಕಾಗುವುದಿಲ್ಲ.

ತಳ ಉಳಿದರೆ ಬಾಳು ಉಳಿದೀತು

ಕಡಲಿನಲ್ಲಿ ಈಗ ಅಂಬಲಿ ಮೀನುಗಳ ಹಿಂಡು ಒಮ್ಮೆಲೇ ಏಳುವ ಸುದ್ದಿ ಆಗಾಗ ಬರುತ್ತದೆ. ಬಲೆಯ ತುಂಬ ಲೋಳೆಯೇ ಬಂದು ಮೀನುಗಾರರ ದಿನದ ದುಡಿಮೆ ಹಾಳಾಗುತ್ತದೆ. ಕಲ್ಪಾಕ್ಕಂನಂಥ ಕಡಲ ದಂಡೆಯ ವಿದ್ಯುತ್ ಸ್ಥಾವರಗಳಲ್ಲಿ ನೀರೆಳೆಯುವ ಬಾಯಿಗೆ ಅಡ್ಡ ಬಂದು ಕಟ್ಟಿಕೊಳ್ಳುತ್ತವೆ. ಇದಕ್ಕೆ ವಿಜ್ಞಾನಿಗಳು ಹೇಳುವ ಕಾರಣಗಳಲ್ಲಿ ಒಂದು ತಳದಲ್ಲೇ ಇದೆ: ನಾವು ಕಡಲಿಗೆ ಇಳಿಸಿದ ಕಾಂಕ್ರೀಟ್ ಗೋಡೆ, ಬಂದರಿನ ಕಂಬ, ತೇಲುವ ಕಟ್ಟೆಗಳೆಲ್ಲ ಪಾಲಿಪ್‌ಗಳಿಗೆ ಹೊಸ ಸೂರು. ಕೊಡೆಯನ್ನು ಮಾತ್ರ ನೋಡುವವರಿಗೆ ಈ ಹಿಂಡು ಎಲ್ಲಿಂದಲೋ ಬಂದ ಪೀಡೆ. ತಳವನ್ನು ಬಲ್ಲವರಿಗೆ ಅದು ನಾವೇ ಬಿತ್ತಿದ ಬೆಳೆ.

ನಮ್ಮ ಹೊಳೆಯಲ್ಲಿ ನಡೆಯುತ್ತಿರುವುದು ಇದರ ಉಲ್ಟಾ. ಕಡಲಿನಲ್ಲಿ ತಳವನ್ನು ಕಟ್ಟುತ್ತಿದ್ದೇವೆ, ಹೊಳೆಯಲ್ಲಿ ತಳವನ್ನೇ ಕಿತ್ತು ಒಯ್ಯುತ್ತಿದ್ದೇವೆ. ತುಂಗಭದ್ರೆಯ ಉಸುಕು ಲಾರಿಗಟ್ಟಲೆ ಹೋಗಿದೆ. ಉಸುಕು ಹೋದಲ್ಲಿ ಮಡುವಿನ ಆಕಾರ ಕೆಡುತ್ತದೆ, ಕಲ್ಲುಗಳು ಉರುಳುತ್ತವೆ, ಕೆಸರೆದ್ದು ಉಳಿದ ಕಲ್ಲುಗಳ ಮೇಲೆ ಕೂರುತ್ತದೆ. ಊರಿನ ಕೊಳಚೆ, ಹೊಲದ ಔಷಧಿ ನೀರಿಗೆ ಸೇರುತ್ತವೆ. ಹೈಡ್ರಾದಂಥ ಎರಡು ಪದರದ ಜೀವಕ್ಕೆ ವಿಷದಿಂದ ಮೈ ಮುಚ್ಚಿಕೊಳ್ಳಲು ಚರ್ಮವಿಲ್ಲ. ನೀರಿನಲ್ಲಿ ತಾಮ್ರದಂಥ ಲೋಹ ಸ್ವಲ್ಪ ಏರಿದರೂ ಅದರ ಎಳೆಗಳು ಮೊಂಡಾಗಿ, ಮೈ ಮುದುಡಿ, ಕೊನೆಗೆ ಕರಗುತ್ತದೆ. ಅದಕ್ಕಾಗಿಯೇ ನೀರು ಪರೀಕ್ಷಿಸುವವರು ಹೈಡ್ರಾವನ್ನು ಬಳಸುತ್ತಾರೆ. ಮನುಷ್ಯನ ಹೊಟ್ಟೆಗೆ ತಿಳಿಯುವ ಮೊದಲೇ ನೀರಿನ ಕೇಡು ಅದರ ಮೈಗೆ ತಿಳಿಯುತ್ತದೆ.

ರಾಣೆಬೆನ್ನೂರಿನ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿಯೂ ಇದೆ. ಧಾರವಾಡ ಶಿಲಾಶ್ರೇಣಿಯ ಒಂದು ಪದರಕ್ಕೆ ಈ ಊರಿನ ಹೆಸರಿಟ್ಟಿದ್ದಾರೆ. 250 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಕೂತ ಮಣ್ಣು ಮರಳು ಗಟ್ಟಿಯಾಗಿ ಆದ ಕಲ್ಲು ಅದು. ಆ ಕಡಲಿನಲ್ಲಿ ಅಂಬಲಿ ಮೀನು ಇರಲಿಲ್ಲ. ಬರಿಗಣ್ಣಿಗೆ ಕಾಣುವ ಪ್ರಾಣಿ ಯಾವುದೂ ಇರಲಿಲ್ಲ. ಕಡಲು ಸರಿಯಿತು, ನೆಲ ಎದ್ದಿತು, ಹೊಳೆ ಹರಿಯಿತು. ಎಷ್ಟೋ ಕಾಲದ ಮೇಲೆ ಕಡಲ ಬಳಗದ ಕೆಲವು ಜೀವಗಳು ಉಪ್ಪು ಬಿಟ್ಟು ಸಿಹಿನೀರಿಗೆ ಬಂದು ಇಂಥ ಕಲ್ಲುಗಳಡಿ ನೆಲೆ ಕಂಡವು. ಸಮುದ್ರ ನೋಡಿಲ್ಲವೆಂದ ಹುಡುಗಿ ಕುಳಿತಿದ್ದು ಸಮುದ್ರದ ತಳವಾಗಿದ್ದ ಸೀಮೆಯಲ್ಲೇ ಎಂದು ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ನೀರಿಗಿಳಿದು ಅಂಗೈಯಗಲದ ಕಲ್ಲೊಂದನ್ನು ಎತ್ತಿದಳು. ಅದರ ಕೆಳಮೈಯಲ್ಲಿ ಕಂದು ಬಣ್ಣದ ಲೋಳೆ, ಕೀಟದ ಮರಿಗಳು ಉಸುಕು ಅಂಟಿಸಿ ಕಟ್ಟಿಕೊಂಡ ಪುಟ್ಟ ಗೂಡುಗಳು, ಒಂದು ಸಣ್ಣ ಬಸವನಹುಳು, ಇನ್ನೂ ಹೆಸರು ಹೇಳಲಾಗದ ಚುಕ್ಕೆಗಳು. ಬಹಳ ಹೊತ್ತು ನೋಡಿದಳು. ಎಸೆಯಲು ಕೈಯೆತ್ತಿದವಳು ತಡೆದು, ಬಗ್ಗಿ, ಆ ಕಲ್ಲನ್ನು ಎತ್ತಿದ ಜಾಗದಲ್ಲೇ, ಕೆಳಮೈ ಕೆಳಗಿರುವಂತೆ, ಮೆಲ್ಲಗೆ ಕೂಡಿಸಿದಳು.